ಆಸ್ಪತ್ರೆಯ ಕ್ಷೌರಿಕ ಗಾಳೇಶ

ನಾನು ಗಂಗಾವತಿಯ ಒಂದು ಆಸ್ಪತ್ರೆಯ ಗಂಡಸರ ವಾರ್ಡಿಗೆ ನರ್ಸಾಗಿ ಸೇರಿದಾಗ ಗಾಳೇಶ ಆಗಲೇ ಅಲ್ಲಿದ್ದ. ಆಪರೇಷನ್ನಿಗೆ ಮುಂಚೆ ರೋಗಿಯ ಮೈಮೇಲಿನ ಕೂದಲು ತೆಗೆಯುವುದು ಅವನ ಕೆಲಸ. ತಲೆ, ಹೊಟ್ಟೆ, ತೊಡೆಸಂದು, ಡಾಕ್ಟರು ಎಲ್ಲಿ ಕೊಯ್ಯುತ್ತಾರೋ ಅಲ್ಲಿ. ಅವನು ಕುಕನೂರಿನ ಆಚೆಯ ಒಂದು ಹಳ್ಳಿಯವನು. ಅವನ ಅಪ್ಪ ಈಶಪ್ಪ ಆ ಊರಿಗೆಲ್ಲ ಒಬ್ಬನೇ ಕ್ಷೌರಿಕ. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡುವುದು, ಸುಗ್ಗಿಯಲ್ಲಿ ಅದೇ ಮನೆಗಳಿಂದ ಕೂಲಿಯ ಬದಲು ಆಯದ ಜೋಳ ತರುವುದು, ಇದು ಅವನ ಜೀವನ. ಊರಿಗೆಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ದಲಿತರ ಕೇರಿಯ ಒಂದು ತಲೆಗೂ ಅವನು ಕತ್ತಿ ಮುಟ್ಟಿಸುತ್ತಿರಲಿಲ್ಲ. ಅವರು ಬಸ್ಸು ಹತ್ತಿ ಕುಕನೂರಿಗೆ ಹೋಗಿ, ಯಾವ ಊರು, ಯಾರ ಪೈಕಿ ಎಂದು ಬಾಯಿ ಬಿಡದೆ ಕೂದಲು ಕತ್ತರಿಸಿಕೊಂಡು ಬರಬೇಕಿತ್ತು.

ಗಾಳೇಶನದು ಬೈದರೂ ಅದೇ ಮುಖ, ಹೊಗಳಿದರೂ ಅದೇ ಮುಖ. ಮಗ ಹುಟ್ಟಿದ ದಿನ ಪೇಡೆಯನ್ನೂ ಗುಳಿಗೆ ಹಂಚಿದ ಹಾಗೆ ಹಂಚಿಕೊಂಡು ಹೋದ. ಇಂಥ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಕೈ ಮಾತ್ರ ಬಲು ಹಗುರ. ಸಾಹುಕಾರನಿರಲಿ, ಗಾರೆ ಕೆಲಸದವನಿರಲಿ, ನಾವು ನರ್ಸುಗಳೇ ಹತ್ತಿರ ಹೋಗಲು ಹಿಂದೆಮುಂದೆ ನೋಡುತ್ತಿದ್ದ ಎಚ್‌ಐವಿ ರೋಗಿಯಿರಲಿ, ಪರದೆ ಎಳೆಯುವನು, ಕತ್ತಿಗೆ ಹೊಸ ಬ್ಲೇಡು ಹಾಕುವನು, "ಆರಾಮ ಮಲಕೋರಿ" ಅನ್ನುವನು. ಎಲ್ಲರಿಗೂ ಒಂದೇ ಧ್ವನಿ. ಅದು ಪ್ರೀತಿಯೋ, ಏನೂ ಅನ್ನಿಸದ ಮರಗಟ್ಟಿದ ಮನಸ್ಸೋ ನನಗೆ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಅವನದೇ ಊರಿನ ದಲಿತರ ಕೇರಿಯ ದುರುಗಪ್ಪನನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದರು. ಹರ್ನಿಯಾ. ಕರುಳು ಸಿಕ್ಕಿಕೊಂಡು ಮನುಷ್ಯ ಒದ್ದಾಡುತ್ತಿದ್ದ. ಪಕ್ಕದ ಮಂಚದಲ್ಲಿ ಅದೇ ಊರಿನ ಜಮೀನ್ದಾರ ಯಂಕೋಬ ಇದ್ದ. ಅವನದು ಅವಸರವಿಲ್ಲದ ಸಣ್ಣ ಆಪರೇಷನ್ನು, ಅಂದು ಬೆಳಿಗ್ಗೆ ಅವನ ಸರದಿ. ಡಾಕ್ಟರು ದುರುಗಪ್ಪನನ್ನು ಮೊದಲು ತಯಾರು ಮಾಡಿ ಅಂದರು. ಗಾಳೇಶ ಟ್ರೇ ಹಿಡಿದು ಆ ಕಡೆ ತಿರುಗಿದ.

"ಏ ಗಾಳ್ಯಾ, ಮೊದ್ಲ ನಂದ ಮುಗಸು. ಅವನ್ನ ಮುಟ್ಟಿ ಆಮ್ಯಾಲ ನನ್ನ ಮುಟ್ತೀಯೇನು?" ಎಂದ ಯಂಕೋಬ.

"ಅವಗ ಕರಳ ಸಿಕ್ಕೊಂಡೈತ್ರಿ ಗೌಡ್ರ," ಎಂದಷ್ಟೇ ಹೇಳಿ ಗಾಳೇಶ ಪರದೆ ಎಳೆದ. ಅಷ್ಟು ನೋವಿನಲ್ಲೂ ದುರುಗಪ್ಪ ಕಾಲು ಮಡಚಿಕೊಂಡ.

"ಬ್ಯಾಡೋ ತಮ್ಮಾ. ನಾಳೆ ನಿಮ್ಮಪ್ಪಗ ತ್ರಾಸ ಕೊಡ್ತಾರ."

"ಕಾಕಾ, ಕಾಲ ಸಡ್ಲ ಬಿಡು," ಎಂದ ಗಾಳೇಶ.

ಆಪರೇಷನ್ನಾಗಿ ದುರುಗಪ್ಪ ಬದುಕಿ ಉಳಿದ. ಯಂಕೋಬ ಮಾತ್ರ ಬೇರೆಯವನನ್ನು ಕರೆಸಿ ಎಂದು ಹಟ ಹಿಡಿದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಡಾಕ್ಟರು ಬಂದು, "ಇಲ್ಲಿ ಬ್ಯಾನಿ ನೋಡಿ ಸರದಿ ಇಡ್ತೀವ್ರಿ. ಜಾತಿ ನೋಡಿ ಕೈ ಆರಸಾಕ ಇದೇನ ಸಂತಿ ಅಲ್ಲ," ಎಂದರು. ಯಂಕೋಬ ಗಂಟು ಕಟ್ಟಿಕೊಂಡು ಕೊಪ್ಪಳದ ಬಸ್ಸು ಹತ್ತಿದ. ನನಗೆ ಖುಷಿಯೋ ಖುಷಿ. ಆ ಖುಷಿಯ ಬೆಲೆ ತೆರಬೇಕಾದವಳು ನಾನಲ್ಲವಲ್ಲ.

ಮಗ ಆ ಕೆಲಸ ಬಿಡುವವರೆಗೆ ನಮ್ಮ ಬಾಗಿಲಿಗೆ ಕತ್ತಿ ತರಬೇಡ ಎಂದು ಊರವರು ಈಶಪ್ಪನಿಗೆ ಹೇಳಿಬಿಟ್ಟರು. ಈಶಪ್ಪ ಬಂದ. ವಾರ್ಡಿನ ಒಳಗೆ ಕಾಲಿಡದೆ ಹೊರಗಿನ ಪಡಸಾಲೆಯಲ್ಲೇ ನಿಂತ.

"ಕೆಲ್ಸ ಬಿಟ್ಟು ಬಾ. ಇಲ್ಲಾ, ಅವನ್ನ ನಾ ಮುಟ್ಟಿಲ್ಲಂತ ಊರಾಗ ಒಂದ್ ಮಾತ ಹೇಳು. ಅಷ್ಟ ಸಾಕು."

"ಮುಟ್ಟೀನಲ್ಲಪ್ಪಾ," ಎಂದ ಗಾಳೇಶ.

"ಹಂಗಾದ್ರ ಆ ಕೈ ಇನ್ನ ನನ್ನ ಮೈಗೆ ತಾಗಬಾರ್ದು. ಸತ್ತಾಗೂ ತಾಗಬಾರ್ದು."

ಮುದುಕ ಗೇಟು ದಾಟುವ ಮೊದಲೇ ಗಾಳೇಶ ಮುಂದಿನ ರೋಗಿಗೆ ನೀರು ಕಾಯಿಸಲು ಹೋದ. "ಏನೂ ಅನಸ್ಲಿಲ್ಲೇನೋ ನಿನಗ?" ಎಂದು ರೇಗಿದೆ. "ಏನೂ ಅನಸವಲ್ದ್ರಿ ಸಿಸ್ಟರ್," ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮುಂದೆ ಅವನ ತಾಯಿ ತೀರಿಕೊಂಡಾಗ ಮಣ್ಣು ಮುಗಿದ ಮೇಲೆ ಸುದ್ದಿ ಬಂತು. ಮರುದಿನ ಡ್ಯೂಟಿಗೆ ಬಂದ, ಇದ್ದ ಕೇಸು ಮುಗಿಸಿದ. ಯಾರೋ ಕೇಳಿದ್ದಕ್ಕೆ "ಅವ್ವ ಹೋದ್ಲು" ಎಂದ, ಕರೆಂಟು ಹೋಯಿತು ಅನ್ನುವ ಹಾಗೆ. ಅತ್ತ ಊರಿನಲ್ಲಿ ಹುಡುಗರೆಲ್ಲ ಬೈಕು ಹತ್ತಿ ಕುಕನೂರಿನ ಸಲೂನಿಗೆ ಹೋಗತೊಡಗಿದ್ದರು. ಯಂಕೋಬನ ಮಕ್ಕಳೂ ಅಲ್ಲಿಗೇ, ದಲಿತರ ಕೇರಿಯ ಹುಡುಗರೂ ಅಲ್ಲಿಗೇ, ಅದೇ ಕುರ್ಚಿ, ಅದೇ ಕತ್ತರಿ. ಯಾರಿಗೂ ಏನೂ ಆಗಲಿಲ್ಲ. ಈಶಪ್ಪನ ಆಯ ಮಾತ್ರ ನಿಂತದ್ದು ನಿಂತೇ ಹೋಯಿತು.

ಎರಡು ಸಾವಿರದ ಹತ್ತರಲ್ಲಿ ಈಶಪ್ಪನಿಗೇ ಹರ್ನಿಯಾ ಆಯಿತು. ಯಾವ ಆಸ್ಪತ್ರೆ ಎಂದು ಹೇಳದೆಯೇ ಅಳಿಯ ರಾತ್ರೋರಾತ್ರಿ ಕರೆತಂದು ನಮ್ಮಲ್ಲಿ ಸೇರಿಸಿದ. ಬೆಳಿಗ್ಗೆ ನಾನು ಇಂಜೆಕ್ಷನ್ನು ಕೊಡುತ್ತಿದ್ದೆ. ಗಾಳೇಶ ಟ್ರೇ ಹಿಡಿದು ಪರದೆಯೊಳಗೆ ಬಂದ. ಈಶಪ್ಪ ಎರಡೂ ಕೈಯಿಂದ ಧೋತರದ ಗಂಟು ಬಿಗಿಯಾಗಿ ಹಿಡಿದುಕೊಂಡ.

"ಸಿಸ್ಟರ್, ಬ್ಯಾರೇದವ್ರನ್ನ ಕರೀರಿ."

ಯಂಕೋಬನ ಮೇಲೆ ಹಾರಾಡಿದ್ದ ನಾನೇ ಈಗ, ಮುದುಕ ತಾನೆ, ಹೋಗಲಿ ಎಂದು ವಾರ್ಡ್ ಬಾಯನ್ನು ಕರೆಯಲು ಹೊರಟೆ. ಗಾಳೇಶ ಕೈ ಅಡ್ಡ ಹಿಡಿದ.

"ಇಲ್ಲಿ ಕೈ ಆರಸಂಗಿಲ್ಲಪ್ಪಾ," ಎಂದ. ಎಲ್ಲರಿಗೂ ಹೇಳುವ ಅದೇ ಧ್ವನಿ. "ಆರಾಮ ಮಲಕೋ."

ಈಶಪ್ಪ ಮಗನ ಮುಖ ನೋಡಿದ. ಆಮೇಲೆ ಗಂಟು ಸಡಿಲಿಸಿ ಗೋಡೆಯ ಕಡೆ ಮುಖ ತಿರುಗಿಸಿದ.

ಗಾಳೇಶ ಹೊಸ ಬ್ಲೇಡು ಹಾಕಿದ, ಸೋಪು ಹಚ್ಚಿದ. ಕತ್ತಿ ಇಟ್ಟನೋ ಇಲ್ಲವೋ, ಒಂದು ಹನಿ ರಕ್ತ ಮೂಡಿತು. ಅವನು ಯಾರನ್ನಾದರೂ ಗಾಯ ಮಾಡಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಕತ್ತಿ ಎತ್ತಿಕೊಂಡು ಹಾಗೇ ನಿಂತುಬಿಟ್ಟ.

ಗೋಡೆಯ ಕಡೆಯಿಂದಲೇ ಈಶಪ್ಪ ಕೇಳಿದ: "ಇಷ್ಟ ವರ್ಸಾ ಹಿಂಗ ಬೋಳಿಸೀಯೇನು? ಎಡಗೈಲೆ ಚರ್ಮಾ ಎಳದ ಹಿಡಿ."

ಗಾಳೇಶ ಅಲುಗಲಿಲ್ಲ. ಮುದುಕ ತಿರುಗಿ ನೋಡದೆಯೇ ತಡವರಿಸಿ ಮಗನ ಎಡಗೈ ಹುಡುಕಿ, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ತನ್ನ ಕೈ ಒತ್ತಿದ.

"ಹೂಂ. ಈಗ ನಡಸು."

ಗಾಳೇಶ ಬೋಳಿಸಿದ. ಅಳುತ್ತಲೇ ಬೋಳಿಸಿದ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದರಲ್ಲಿ ಕತ್ತಿ ಇತ್ತು, ಇನ್ನೊಂದನ್ನು ಅಪ್ಪ ಬಿಟ್ಟಿರಲಿಲ್ಲ.