ಒಂದೇ ಮಗುವಿಗೆ ಒಡೆಯದ ಸೀಸೆ

ಆ ಗುರುವಾರ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಮಗಳಿಗೆ ರಾಗಿ ಸರಿ ತಿನ್ನಿಸಿ, ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟೆ. ಲಾಕ್‌ಡೌನ್‌ನಿಂದಾಗಿ ಅವಳ ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದು ಬಾಕಿ ಉಳಿದಿತ್ತು. ಹೊಳೆನರಸೀಪುರದ ರಸ್ತೆಗೆ ಬೇಲಿ ಹಾಕಿದ್ದರಿಂದ ಗದ್ದೆ ಬದುವಿನ ಮೇಲೆಯೇ ನಡೆದು ಆರೋಗ್ಯ ಕೇಂದ್ರ ಸೇರಿದೆ.

ನರ್ಸಮ್ಮ ಲಸಿಕೆಯ ಐಸ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದರು. ಬೆಂಚು ಖಾಲಿಯಿತ್ತು.

“ಒಂದೇ ಮಗೀಗೆ ಸೀಸೆ ಒಡೆಯಂಗಿಲ್ಲ ಕಣವ್ವಾ. ಒಡೆದ್ರೆ ಮಿಕ್ಕಿದ್ದು ಇವತ್ತೇ ಚೆಲ್ಬೇಕು. ಇನ್ನೆರಡು ಮಕ್ಳು ಬರ್ಲಿ, ಹಾಕ್ತೀನಿ.”

ಮಧ್ಯಾಹ್ನದವರೆಗೂ ಬಾಗಿಲನ್ನೇ ನೋಡುತ್ತಾ ಕಾದೆ. ಯಾರೂ ಬರಲಿಲ್ಲ. ಮಗಳು ನನ್ನ ಮಾಸ್ಕಿನ ದಾರ ಚೀಪುತ್ತಾ ನಿದ್ದೆ ಹೋದಳು. ಜಗಳವಾಡುವುದು ನನಗೆ ಬರುವುದಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದಂತೆ ‘ಥ್ಯಾಂಕ್ಯೂ ಸಿಸ್ಟರ್’ ಎಂದು ಹೇಳಿ ಎದ್ದೆ. ಪಾಪ, ಅವರ ಮುಖವೂ ಸಣ್ಣಗಾಗಿತ್ತು. “ಮುಂದಿನ ತಿಂಗ್ಳು ನೋಡಾನ” ಎಂದರು.

ಸಂಜೆ ಪಕ್ಕದ ಮನೆಯಾಕೆ ತನ್ನ ಹತ್ತು ತಿಂಗಳ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಂಪೌಂಡಿನ ಬಳಿ ಬಂದಳು. ನಡೆದದ್ದನ್ನು ಹೇಳಿದೆ.

“ಅಯ್ಯೋ, ಇವನಿಗೂ ಹಾಕ್ಸಿಲ್ಲ ಕಣಕ್ಕ, ಹಿಂದ್ಗಡೆ ಬೀದಿ ನಮ್ಮ ನಾದಿನಿ ಮಗೀಗೂ ಇಲ್ಲ,” ಎಂದು ಮಗನ ಮೂಗೊರೆಸಿದಳು. “ಈ ಕಾಲ್ದಲ್ಲಿ ಅಲ್ಲಿಗೆ ಯಾರು ಓಯ್ತಾರೆ ಅಂತ ಇಬ್ರೂ ಮನೇಲೇ ಕುಂತಿದ್ವಿ.”