ಮೊಳೆ ಸಿಗದ ಅಕ್ಕನ ಕತೆ

ರೇಡಿಯೋ ನಾಟಕ ವಿಭಾಗದಲ್ಲಿ ಅವಳನ್ನು ಎಲ್ಲರೂ ಸ್ಕ್ರಿಪ್ಟಮ್ಮ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅಲ್ಲೇ ಕೂತು ನಾಟಕ ಬರೆದವಳಿಗೆ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವಳ ಮೇಜಿನೆದುರು ಗೋಡೆಗೆ ಒಂದು ಮರದ ಹಲಗೆ, ಅದರಲ್ಲಿ ಹನ್ನೆರಡು ಮೊಳೆ. ವಿಭಾಗದ ಸಾಹೇಬರು ಹರೆಯದಲ್ಲಿ ಯಾವುದೋ ತರಬೇತಿಗೆ ಹೋಗಿ, ಲೋಕದ ಕತೆಗಳೆಲ್ಲ ಒಂದೇ ಕತೆ ಎಂದು ಕಲಿತು ಬಂದಿದ್ದರು. ಒಬ್ಬ ಗಂಡಸು ಮನೆ ಬಿಡುತ್ತಾನೆ, ಹೊಸ್ತಿಲು ದಾಟುತ್ತಾನೆ, ಗುರು ಸಿಗುತ್ತಾನೆ, ಹೊಡೆದಾಡುತ್ತಾನೆ, ಗೆದ್ದು ವಾಪಸು ಬರುತ್ತಾನೆ. ಮುಗಿಯಿತು. ಒಂದೊಂದು ಘಟ್ಟಕ್ಕೆ ಒಂದೊಂದು ಮೊಳೆ. ಯಾವ ಕತೆಯೇ ಬರಲಿ, ಅದನ್ನು ಚೀಟಿಗಳಲ್ಲಿ ಬರೆದು ಮೊಳೆಗೆ ಚುಚ್ಚಬೇಕು. ಮೊಳೆ ಸಿಗದ ಚೀಟಿ ಕೆಳಗಿನ ಬಿಸ್ಕತ್ತಿನ ಡಬ್ಬಕ್ಕೆ. ಹೆಂಗಸರಿಗೂ ಅನ್ಯಾಯವಾಗಬಾರದಲ್ಲ, ಅವರಿಗೆಂದೇ ಮೂರು ಮೊಳೆ ಮೀಸಲು: ಹರಸಿ ಕಳಿಸುವವಳು, ದಾರಿ ತಪ್ಪಿಸುವವಳು, ಕೊನೆಗೆ ಸಿಗುವವಳು. ಸ್ಕ್ರಿಪ್ಟಮ್ಮ ತುಟಿಪಿಟಿಕ್ಕೆನ್ನದೆ ಚುಚ್ಚುತ್ತ ಬಂದಿದ್ದಳು. ಅವಳದೂ ಹೊಟ್ಟೆಪಾಡು.

ಅವಳ ಅಕ್ಕನಿಗೆ ಎಪ್ಪತ್ತೊಂದು. ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯೂ ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದು ಕಿವಿ ಡಾಕ್ಟರು ಕೈಚೆಲ್ಲಿದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅಕ್ಕ ಅಂದಳು, "ಕಂಡಕಂಡವರ ಕತೆಯೆಲ್ಲ ಬರೀತೀಯಲ್ಲೇ, ನನ್ನದೊಂದು ಬರಿ. ಕಿವಿ ಇರೋವಾಗ್ಲೇ ಕೇಳಿಬಿಡ್ತೀನಿ. ಈಚೆಗೆ ಮರೆವು ಬೇರೆ, ನನಗೂ ನೆನಪಾಗುತ್ತೆ."

"ನಾನೇ ಓದಿ ಹೇಳ್ತೀನಿ ಬಿಡಕ್ಕ."

"ನೀನು ಓದಿದ್ರೆ ಅದು ಮನೆ ಮಾತು. ರೇಡಿಯೋದಲ್ಲಿ ಬಂದ್ರೆ ನಾಲ್ಕು ಜನ ಕೇಳ್ತಾರೆ."

ಜನ್ಮದಲ್ಲಿ ಅಕ್ಕ ಯಾರ ಹತ್ತಿರವೂ ಏನನ್ನೂ ಬೇಡಿದವಳಲ್ಲ. ಸ್ಕ್ರಿಪ್ಟಮ್ಮ ಅಂದು ರಾತ್ರಿಯೇ ಚೀಟಿ ಬರೆಯಲು ಕೂತಳು.

ಅಕ್ಕನ ಕತೆ ಅಂದರೆ ಆ ನಲವತ್ತು ದಿನಗಳದ್ದು. ಅವಳಿಗೆ ಆಗ ಹತ್ತೊಂಬತ್ತು. ಬೀದಿಗೆ ಜ್ವರ ಬಂದು, ಎರಡೂ ಕಡೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿದ್ದರು. ಏಳು ಮನೆಗಳಲ್ಲಿ ಎಲ್ಲರೂ ಹಾಸಿಗೆ ಹಿಡಿದರು. ಉಳಿದವರು ಕಿಟಕಿ ಸಂದಿಯಿಂದಲೂ ಇಣುಕಲಿಲ್ಲ. ಅಕ್ಕ ಏಳೂ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನಾ ಒಳಗೆ ಹೋದಳು. ನೀರು ಕುಡಿಸಿದಳು, ಹೇಲು ಉಚ್ಚೆ ಬಳಿದಳು, ಇಬ್ಬರ ಕಣ್ಣು ಮುಚ್ಚಿದಳು, ಇಪ್ಪತ್ತಮೂರು ಜನರನ್ನು ಎಬ್ಬಿಸಿ ಕೂರಿಸಿದಳು. ಅಳುವುದಕ್ಕೆ ಅವಳಿಗೆ ಪುರುಸೊತ್ತೇ ಇರಲಿಲ್ಲ. ಡಾಕ್ಟರನ್ನು ಕರೆತರಲೆಂದು ಸೇತುವೆ ದಾಟಿದ ತಮ್ಮ ಮಾತ್ರ ಹೆದರಿ ಚಿಕ್ಕಪ್ಪನ ಮನೆಯಲ್ಲೇ ಬಿದ್ದುಕೊಂಡು, ಎಲ್ಲ ಮುಗಿದ ಮೇಲೆ ಬರಿಗೈಯಲ್ಲಿ ಬಂದ. ಇದನ್ನು ಸಾಯುವವರೆಗೂ ಅವನೇ ಹೇಳಿಕೊಂಡು ನಗುತ್ತಿದ್ದ.

ಸಾಹೇಬರು ಚೀಟಿಗಳನ್ನು ಓದಿ ಕನ್ನಡಕ ಹಣೆಗೇರಿಸಿದರು. ಕೆಟ್ಟವರೇನಲ್ಲ. ಒಳ್ಳೆಯವರೇ, ಅದೇ ತಾಪತ್ರಯ.

"ಚೆನ್ನಾಗಿದೆಯಮ್ಮ. ಆದ್ರೆ ಈ ಹುಡುಗಿ ಎಲ್ಲಿಗೂ ಹೋಗ್ಲೇ ಇಲ್ವಲ್ಲ?"

"ಏಳು ಮನೆ ಹೊಸ್ತಿಲು ದಾಟಿದ್ದಾಳೆ ಸಾರ್. ನಲವತ್ತು ದಿನ."

"ಅದು ಪ್ರಯಾಣ ಅಲ್ಲಮ್ಮ, ಮನೆಗೆಲಸ."

ಹಾಗೆಂದು ತಮ್ಮನ ಚೀಟಿಯನ್ನು ಮೊದಲ ಮೊಳೆಗೆ ಚುಚ್ಚಿದರು. ಸೇತುವೆ ಎರಡನೆಯದಕ್ಕೆ ಲಕ್ಷಣವಾಗಿ ಕೂತಿತು. ಚಿಕ್ಕಪ್ಪ ಗುರುವಾದ. ಇಲ್ಲದ ಔಷಧಿ ಗೆದ್ದು ತರುವ ನಿಧಿಯಾಯಿತು. ಅಕ್ಕ ಹರಸಿ ಕಳಿಸುವವಳ ಮೊಳೆಗೆ ನೇತುಬಿದ್ದಳು, ಬೀಗದ ಕೈಗಳ ಚೀಟಿ ಡಬ್ಬಕ್ಕೆ ಹೋಯಿತು.

"ಸಾರ್, ಅವನು ಬಂದಿದ್ದು ಬರಿಗೈಲಿ."

"ಬರಿಗೈಲಿ ಬಂದ್ರೆ ಯಾರಮ್ಮ ಕೇಳ್ತಾರೆ? ನಿಮ್ಮಕ್ಕನ್ನ ನಾನೇನು ತೆಗೆದುಹಾಕಿದ್ನಾ? ಇದ್ದಾರಲ್ಲ, ಬಾಗಿಲಲ್ಲಿ ನಿಂತು ಅಳ್ತಾ. ಜನಕ್ಕೆ ಅಂಥ ಹೆಣ್ಮಕ್ಕಳೇ ಇಷ್ಟ."

ಕೊಡುವುದಿಲ್ಲ ಹೋಗಿ ಎಂದು ಕತೆ ಎತ್ತಿಕೊಂಡು ಬರಬಹುದಿತ್ತು. ಆದರೆ ಅವಳ ಮುಂದಿನ ಸರದಿ ಮೂರು ತಿಂಗಳ ಮೇಲೆ; ಅಕ್ಕನ ಕಿವಿ ಅಲ್ಲಿಯತನಕ ಕಾಯುವುದಿಲ್ಲ. ಹೇಗೋ ಒಂದು, ಅಕ್ಕ ಎಂಬವಳ ದನಿಯಾದರೂ ಕಿವಿಗೆ ಬೀಳಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಆ ಅಳುವ ಸಾಲುಗಳನ್ನೂ ಸ್ಕ್ರಿಪ್ಟಮ್ಮನೇ ಬರೆದಳು. ಬರೆಯುವಾಗ ತನ್ನ ಮೇಲೇ ಅಸಹ್ಯವಾಯಿತು. ಕರ್ಮಕ್ಕೆ, ಚೆನ್ನಾಗಿಯೂ ಬರೆದಳು.

ಭಾನುವಾರ ಮಧ್ಯಾಹ್ನ ನಾಟಕ ಬಂತು. ಅಕ್ಕ ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ರೇಡಿಯೋವನ್ನು ದಿಂಬಿನ ಮೇಲಿಟ್ಟು ಬಲಗಿವಿ ಆನಿಸಿ ಕೂತಳು. ಅರ್ಧ ಗಂಟೆ ಅಲುಗಾಡಲಿಲ್ಲ. ತಮ್ಮ ಸೇತುವೆ ದಾಟಿದ, ಗಾಳಿಯ ಜೊತೆ ಗುದ್ದಾಡಿದ, ಔಷಧಿ ತಂದ. ಹೆಣ್ಣುದನಿಯೊಂದು ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಿತು. ಸ್ಕ್ರಿಪ್ಟಮ್ಮ ಎದುರಿಗೆ ತಲೆ ತಗ್ಗಿಸಿ ಕೂತು, ಅಕ್ಕ ಬೈಯಲಿ, ಬೇಕಾದರೆ ಎರಡು ಬಿಗಿಯಲಿ ಎಂದು ಕಾದಳು.

ಅಕ್ಕ ರೇಡಿಯೋ ಆರಿಸಿ ಕಣ್ಣೊರೆಸಿಕೊಂಡಳು. "ಪಾಪ, ತಮ್ಮ ಎಷ್ಟು ಕಷ್ಟಪಟ್ನಲ್ಲೇ. ಔಷಧಿ ತಂದಿದ್ದು ನನಗೆ ಮರೆತೇ ಹೋಗಿತ್ತು ನೋಡು."

ಸ್ಕ್ರಿಪ್ಟಮ್ಮ ಎದ್ದು ಬಂದು ಬಲಗಿವಿಗೆ ಬಾಯಿಟ್ಟಳು. "ತಂದಿರಲಿಲ್ಲ ಅಕ್ಕ. ಅವನು ಬಂದಿದ್ದೇ ಎಲ್ಲಾ ಮುಗಿದ ಮೇಲೆ. ಎಲ್ಲಾ ಮಾಡಿದ್ದು ನೀನು. ನೀನು ಅಳಲೂ ಇಲ್ಲ."

ಅಕ್ಕನಿಗೆ ಕೇಳಿಸಿತು. ಒಂದಕ್ಷರ ಬಿಡದೆ ಕೇಳಿಸಿತು. ತಂಗಿಯ ಕೆನ್ನೆ ತಟ್ಟಿ ನಕ್ಕಳು.

"ನಿನಗಾಗ ಐದು ವರ್ಷ ಕಣೇ, ನಿನಗೇನು ಗೊತ್ತು. ನನಗೋ ಅರಳುಮರಳು. ಅಷ್ಟು ಜನಕ್ಕೆ ಕೇಳೋ ಹಾಗೆ ಹೇಳಿದ್ದಾರೆ ಅಂದ್ರೆ ನಾನು ಅತ್ತೇ ಇರ್ತೀನಿ. ಅದೂ ನೀನು ಬರೆದಿದ್ದು. ನನ್ನ ವಿಷಯದಲ್ಲಿ ನೀನು ಸುಳ್ಳು ಬರೀತೀಯಾ?"

ಇಲ್ಲವೆಂದು ಸ್ಕ್ರಿಪ್ಟಮ್ಮ ತಲೆಯಾಡಿಸಿದಳು.