ಗುಂಡಿ ಟೀಚರ್ ಕಟ್ಟಿದ ಡೈನೋಸಾರ್

ಅಂಧ ಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದ ಅವರನ್ನು ಮಕ್ಕಳು ಗುಂಡಿ ಟೀಚರ್ ಎಂದು ಕರೆಯುತ್ತಿದ್ದರು. ಹೊಸಬರು ಈ ಹೆಸರು ಕೇಳಿ, ಪಾಪ, ಯಾವಾಗಲೋ ಗುಂಡಿಗೆ ಬಿದ್ದಿರಬೇಕು ಅಂದುಕೊಳ್ಳುತ್ತಿದ್ದರು. ವಿಷಯ ಅದಲ್ಲ. ಹಾಸ್ಟೆಲಿನ ಮಕ್ಕಳ ಅಂಗಿಗಳು ಒಗೆತದಲ್ಲಿ ಅದಲುಬದಲಾಗಿ, ಬೆಳಗಾದರೆ ದೊಡ್ಡ ರಂಪವಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವರು ಒಬ್ಬೊಬ್ಬರ ಕೊರಳಪಟ್ಟಿಯ ಒಳಗೆ ಒಂದೊಂದು ಬಗೆಯ ಗುಂಡಿ ಹೊಲಿದುಬಿಟ್ಟರು. ಬೆರಳಿಟ್ಟರೆ ಸಾಕು, ಅಂಗಿ ಯಾರದೆಂದು ಗೊತ್ತಾಗುತ್ತಿತ್ತು.

ಒಂದು ದಿನ ಮಕ್ಕಳು ರೇಡಿಯೊದಲ್ಲಿ ಡೈನೋಸಾರ್ ಕಥೆ ಕೇಳಿ ಬಂದು ಅವರನ್ನು ಮುತ್ತಿಕೊಂಡರು. ಅದು ಹೇಗಿರುತ್ತೆ ಎಂದು ಎಲ್ಲರದೂ ಒಂದೇ ಪ್ರಶ್ನೆ. ಟೀಚರಿಗೂ ಅಷ್ಟಕ್ಕಷ್ಟೇ ಗೊತ್ತಿತ್ತು. ಮಾರನೆಯ ದಿನ ಅಂಗಡಿಯಿಂದ ಒಂದು ರಬ್ಬರಿನ ಗೊಂಬೆ ತಂದು ಕೈಗೆ ಕೊಟ್ಟರು. ಮಾತಿಗೆ ಮಾತು ಜೋಡಿಸುತ್ತಾಳೆಂದು ಎಲ್ಲರೂ ಲಾಯರಮ್ಮ ಎನ್ನುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಅದನ್ನು ಮುಷ್ಟಿಯೊಳಗೆ ಹಿಡಿದು ನೋಡಿದಳು.

“ಇಷ್ಟೇನಾ? ಇದಕ್ಕೆ ಹೆದರೋದೇನಿದೆ? ಜೇಬಲ್ಲಿ ಇಟ್ಕೋಬಹುದು.”

ಬೇರೆ ಮಕ್ಕಳೂ ಹೌದೌದು ಎಂದರು. ಟೀಚರಿಗೆ ಮುಖಕ್ಕೆ ಹೊಡೆದಂತಾಯಿತು. ಇಲ್ಲದ ತಿಳಿವಳಿಕೆಗಿಂತ ತಪ್ಪು ತಿಳಿವಳಿಕೆ ಕೆಟ್ಟದ್ದು, ಇದನ್ನು ಹೀಗೇ ಬಿಡಬಾರದು ಎಂದು ಅವತ್ತೇ ನಿಶ್ಚಯಿಸಿದರು.

ಡೈನೋಸಾರ್‌ಗಳ ಬಗ್ಗೆ ಮಕ್ಕಳಿಗಾಗಿ ಬಂದ ಒಗಟು, ಚಟುವಟಿಕೆಗಳ ಪುಸ್ತಕ ಒಂದನ್ನು ಕೊಂಡು ತಂದರು. ಚುಕ್ಕಿ ಸೇರಿಸಿ, ದಾರಿ ಹುಡುಕಿ, ಬಣ್ಣ ತುಂಬಿ ಎಂದೆಲ್ಲ ಇತ್ತು. ಊಟದ ಮೇಜಿನ ಮೇಲೆ ಹರಡಿಕೊಂಡು ತಾವೇ ಚುಕ್ಕಿ ಸೇರಿಸುತ್ತ ಕೂತರು. ಯಾವುದು ಸೊಪ್ಪು ತಿನ್ನುತ್ತಿತ್ತು, ಯಾವುದು ಮಾಂಸ ತಿನ್ನುತ್ತಿತ್ತು, ಯಾವುದರ ಬಾಲದ ತುದಿಯಲ್ಲಿ ಗದೆಯಂಥ ಗಂಟಿತ್ತು, ಎಲ್ಲ ಒಂದೊಂದಾಗಿ ತಲೆಗೆ ಹತ್ತಿತು. ಆದರೆ ಹಾಳೆ ಹಾಳೆಯೇ. ಬೆರಳಿಗೆ ಅದರಲ್ಲಿ ಏನೂ ಸಿಗುತ್ತಿರಲಿಲ್ಲ.

ಅವರ ಗಂಡನದು ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ಪ್ಲೈವುಡ್ ತುಂಡುಗಳಿಗೆ ಅಲ್ಲಿ ಬರವಿರಲಿಲ್ಲ. ಉದ್ದ ಕತ್ತಿನ ಡೈನೋಸಾರನ್ನು ಜೋಡಿಸುವ ಒಗಟಿನ ತುಂಡುಗಳಾಗಿ ಕತ್ತರಿಸಿ ಕೊಡಿ ಎಂದು ದುಂಬಾಲು ಬಿದ್ದರು. ಇಷ್ಟು ವರ್ಷ ನೇರ ಗೆರೆಯಲ್ಲಿ ಕೊಯ್ದ ಕೈಗೆ ಈಗ ಬಾಲ ಬಳುಕಿಸು ಅಂತೀಯಲ್ಲ ಎಂದು ಗೊಣಗಿದರೂ ಗಂಡ ಕೊಯ್ದು ಕೊಟ್ಟರು.

ಮೊದಲ ಒಗಟು ನೆಲಕಚ್ಚಿತು. ಅಂಚಿಗೆ ಅಂಚು ಕೂಡಿಸಿ ಮಕ್ಕಳು ಚಕಚಕನೆ ಜೋಡಿಸಿದರು, ಜೋಡಿಸಿದ್ದು ಏನೆಂದು ಮಾತ್ರ ಒಬ್ಬರಿಗೂ ತಿಳಿಯಲಿಲ್ಲ. ಟೀಚರ್ ಅದನ್ನು ಬದಿಗಿಟ್ಟು ಇನ್ನೊಂದು ಮಾಡಿಸಿದರು. ಈ ಸಲ ಒಂದೊಂದು ತುಂಡೂ ಒಂದೊಂದು ಅಂಗ: ಕತ್ತು, ಎದೆಗೂಡು, ಕಾಲು, ಬಾಲ. ಕೆಲವು ಡೈನೋಸಾರ್‌ಗಳ ಚರ್ಮದ ಮೇಲೆ ಸಣ್ಣ ಹರಳುಗಳಂಥ ಉಬ್ಬುಗಳಿದ್ದವೆಂದು ಓದಿದ್ದರಿಂದ ಹೊರಮೈಗೆ ಗೋಂದು ಬಳಿದು ಸಾಸಿವೆ ಅಂಟಿಸಿದರು. ತಿರುವಿ ಹಾಕಿದರೆ ಹಿಂದೆ ನುಣುಪು ಮರದ ಎಲುಬುಗಳು. ಮಕ್ಕಳ ಬೆರಳುಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗತೊಡಗಿದವು.

ಉಳಿದದ್ದು ಅದರ ಗಾತ್ರ. ಗೇಟಿನಿಂದ ಆಟದ ಬಯಲಿನ ಆಚೆ ತುದಿಯವರೆಗೆ ಅದರ ಉದ್ದದ ಹಗ್ಗ ಎಳೆಯಬೇಕೆಂದು ಹೆಡ್‌ಮಾಸ್ಟರ ಬಳಿ ಅನುಮತಿ ಕೇಳಿದರು. ಅವರು ಕೆಟ್ಟವರಲ್ಲ, ಅಂಜುಬುರುಕರು. ಮಕ್ಕಳು ಎಡವಿ ಬಿದ್ದರೆ ಯಾರು ಹೊಣೆ, ಪಾಠದಲ್ಲಿ ಇಲ್ಲದ್ದು ಯಾಕೆ ಬೇಕು ಎಂದರು.

“ಎಡವಿದ್ರೆ ಎದ್ದೇಳ್ತಾರೆ ಸರ್, ದಿನಾ ಏಳ್ತಾನೇ ಇದ್ದಾರೆ. ತಪ್ಪು ಹೇಳಿಕೊಟ್ಟವಳು ನಾನು, ಸರಿ ಮಾಡೋಕೆ ಒಂದು ಮಧ್ಯಾಹ್ನ ಕೊಡಿ.”

ಹೆಡ್‌ಮಾಸ್ಟರು ಶನಿವಾರ ಮಧ್ಯಾಹ್ನ ಕೊಟ್ಟರು. ಕೊಟ್ಟು, ಮನಸ್ಸು ತಡೆಯದೆ ತಾವೇ ಬಂದು ಹಗ್ಗದ ಪಕ್ಕ ನಿಂತರು.

ಲಾಯರಮ್ಮನನ್ನು ತಲೆಯ ಕಡೆ ನಿಲ್ಲಿಸಿ, ಅವಳ ಗೆಳತಿಯನ್ನು ಬಾಲದ ತುದಿಗೆ ಕರೆದೊಯ್ದರು. ನಡುವೆ ಉಳಿದವರೆಲ್ಲ ಕತ್ತು, ಹೊಟ್ಟೆ, ಬಾಲ ಎಂದು ಹಂಚಿಕೊಂಡು ಹಗ್ಗ ಹಿಡಿದು ಸಾಲಾಗಿ ನಿಂತರು. ಗೆಳತಿ ಅಲ್ಲಿಂದ ಕೂಗಿದಳು. ದನಿ ಬಯಲು ದಾಟಿ ಸಣ್ಣಗೆ ಬಂತು. ಲಾಯರಮ್ಮ ಕಿವಿಗೊಟ್ಟಳು. ಆಮೇಲೆ ಹಗ್ಗ ಹಿಡಿದು ನಡೆಯತೊಡಗಿದಳು. ಕತ್ತು ಮುಗಿಯಲೊಲ್ಲದು. ಹೊಟ್ಟೆ ದಾಟಿ, ಬಾಲ ದಾಟಿ, ಗೆಳತಿಯ ಕೈ ಸಿಗುವ ಹೊತ್ತಿಗೆ ಏದುಸಿರು ಬರುತ್ತಿತ್ತು.

“ಟೀಚರ್, ನೀವು ಇದನ್ನ ಕಣ್ಣಾರೆ ನೋಡಿದ್ದೀರಾ?”

“ಇಲ್ಲಮ್ಮ. ಯಾರೂ ನೋಡಿಲ್ಲ. ಮನುಷ್ಯರು ಹುಟ್ಟೋಕೆ ಎಷ್ಟೋ ಮೊದಲೇ ಇವು ಸತ್ತುಹೋಗಿದ್ವು.”

“ಕಣ್ಣಿರೋರೂ ನೋಡಿಲ್ವಾ? ಮತ್ತೆ ಹೇಗೆ ಗೊತ್ತಾಯ್ತು?”

“ಬಂಡೆ ಒಳಗೆ ಎಲುಬು ಸಿಕ್ತು. ಒಂದಕ್ಕೊಂದು ಜೋಡಿಸಿದ್ರು. ತಪ್ಪಾದ್ರೆ ಬಿಚ್ಚಿ ಮತ್ತೆ ಜೋಡಿಸಿದ್ರು.”

ಹುಡುಗಿ ಹಗ್ಗವನ್ನು ಮತ್ತೊಮ್ಮೆ ತಡವಿದಳು. “ಹಾಗಾದ್ರೆ ಆ ಕೆಲಸ ನಾವೂ ಮಾಡಬಹುದು,” ಎಂದಳು.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವಾರದಿಂದ ಶನಿವಾರ ಮಧ್ಯಾಹ್ನವೆಲ್ಲ ಒಗಟಿನ ತರಗತಿಯೇ ಆಯಿತು. ಟೀಚರ್ ಮರದ ಎಲುಬುಗಳನ್ನು ಮರಳಿನಲ್ಲಿ ಹೂತಿಡುತ್ತಿದ್ದರು. ಮಕ್ಕಳು ಕೆದಕಿ ತೆಗೆದು, ಇದು ತೊಡೆಯದೋ ತೋಳಿನದೋ ಎಂದು ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದರು. ಬೇರೆ ಶಾಲೆಯವರೂ ಬಂದು ಒಗಟುಗಳನ್ನು ಎರವಲು ಒಯ್ಯತೊಡಗಿದರು.

ಈಚೆಗೆ ಮಕ್ಕಳು ಆಕಾಶದಲ್ಲಿ ಹಾರುತ್ತಿದ್ದುದು ಬೇಕು ಎಂದಿದ್ದಾರೆ. ಟೀಚರ್ ರೆಕ್ಕೆಯ ಅಳತೆ ಬರೆದುಕೊಂಡು ಗಂಡನ ಅಂಗಡಿಗೆ ಹೋದರು. ಗಂಡ ಗರಗಸ ಕೆಳಗಿಟ್ಟು, ಇದು ಇನ್ನೆಂಥ ಡೈನೋಸಾರ್ ಎಂದು ಕೇಳಿದರು.

“ಇದು ಡೈನೋಸಾರೇ ಅಲ್ಲ ರೀ. ಅವುಗಳ ದಾಯಾದಿ.”

“ಅಲ್ಲ ಅಂದ್ಮೇಲೆ ಯಾಕೆ ಮಾಡಬೇಕು?”

“ಮಕ್ಕಳು ಕೇಳಿದ್ದಾರೆ,” ಎಂದು ಟೀಚರ್ ಪ್ಲೈವುಡ್ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ, ಪೆನ್ಸಿಲ್ ಹುಡುಕಿದರು.